ಪಿಜ್ಜಾ ಆದಮೇಲೆ ಊಟ

ನನ್ನ ಹೆಂಡತಿ ಗಿರಿಜೆಯ ಪ್ರಕಾರ ಪಿಜ್ಜಾ ತಿಂದು ಬಂದವರು ಉಪವಾಸ ಇದ್ದು ಬಂದವರು. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಎದುರಿಗಿರುವ ಮಹಡಿ ಅಂಗಡಿಯಲ್ಲಿ ತಟ್ಟೆಯಗಲದ ಪಿಜ್ಜಾ ಮುಗಿಸಿ, ಹೊಟ್ಟೆ ಸವರಿಕೊಳ್ಳುತ್ತ ಮನೆಗೆ ಬಂದರೆ ಬಾಗಿಲಲ್ಲೇ ಉಪಚಾರ ಶುರುವಾಗುತ್ತದೆ. "ಹಸ್ಕೊಂಡು ಬಂದಿರ್ತೀರಿ, ಕೈಕಾಲು ತೊಳ್ಕೊಳ್ರಿ, ಊಟಕ್ಕೆ ಹಾಕ್ತೀನಿ." ನಾನು ತಕರಾರಿಲ್ಲದೆ ಹೋಗಿ ಕೂರುತ್ತೇನೆ. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ನನ್ನ ಅಭಿಪ್ರಾಯವೂ ಅವಳದೇ.

ನಮ್ಮ ಕಡೆ ಊಟ ಅಂದರೆ ಮೊದಲು ರೊಟ್ಟಿ ಇಲ್ಲವೇ ಮುದ್ದೆ, ಆಮೇಲೆ ಅನ್ನ ಸಾರು, ಕಡೆಗೆ ಮಜ್ಜಿಗೆ. ಇಷ್ಟು ಒಳಗೆ ಹೋಗುವ ತನಕ ತಿಂದದ್ದೆಲ್ಲ ಬಾಯಾಡಿಸಿದ್ದು, ಅಷ್ಟೆ. ಸೋಮವಾರ ಒಪ್ಪತ್ತು ಮಾಡುವ ಮನೆಗಳಲ್ಲಂತೂ ಈ ಶಾಸ್ತ್ರ ಬಹಳ ಸೂಕ್ಷ್ಮ. ಒಪ್ಪತ್ತೆಂದರೆ ದಿನಕ್ಕೆ ಒಂದೇ ಊಟ. ಆದರೆ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅವಲಕ್ಕಿ, ಸಂಜೆ ಮಂಡಕ್ಕಿ ಮಿರ್ಚಿ ತಿಂದರೆ ವ್ರತಕ್ಕೇನೂ ಭಂಗವಿಲ್ಲ, ಯಾಕೆಂದರೆ ಅವು ಊಟ ಅಲ್ಲ. ನಮ್ಮ ತಾತ ಒಪ್ಪತ್ತಿನ ದಿನ ತಿಂದಷ್ಟನ್ನು ಬೇರೆ ದಿನ ತಿಂದದ್ದನ್ನು ನಾನು ನೋಡಿಲ್ಲ. ಶಿವ ಸುಮ್ಮನಿದ್ದ, ತಾತನೂ ಬಹಳ ಕಾಲ ಗಟ್ಟಿಮುಟ್ಟಾಗಿ ಬದುಕಿದ. ತಾತ ದಿನವಿಡೀ ಹೊಲ ತಿರುಗುತ್ತಿದ್ದ ಅನ್ನುವುದನ್ನು ಮಾತ್ರ ನಾವು, ಕುರ್ಚಿಯಲ್ಲಿ ಕೂತೇ ಸವೆದವರು, ಜಾಣತನದಿಂದ ಮರೆತುಬಿಟ್ಟಿದ್ದೇವೆ. ಫಾಸ್ಟ್‌ಫುಡ್ಡು ಎಲ್ಲಿಂದಲೋ ಬಂದು ನಮ್ಮನ್ನು ಕೆಡಿಸಿತು ಅನ್ನುವವರು ಒಂದು ಸಂಜೆ ಯಾವುದಾದರೂ ಮಿರ್ಚಿ ಗಾಡಿಯ ಮುಂದೆ ನಿಂತು ನೋಡಬೇಕು.

ಇಂಥ ಮನೆಗೆ ಪಿಜ್ಜಾ ಬಂದದ್ದು ನಮ್ಮಕ್ಕನಿಂದ. ಅಕ್ಕ ನ್ಯಾಮತಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಭಾವ ತೀರಿಕೊಂಡ ಮೇಲೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಸೊಸೆ ಬಡಿಸಿಕೊಟ್ಟದ್ದನ್ನು ಕೆದಕಿ, ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಬಿಡುತ್ತಿದ್ದಳು. ಮಾತೂ ಕಮ್ಮಿಯಾಗಿತ್ತು. ಒಂದು ಶನಿವಾರ ಕಣ್ಣು ತೋರಿಸಲೆಂದು ಹೊನ್ನಾಳಿಗೆ ಬಂದಿದ್ದಳು. ಏನಾದರೂ ತಿನ್ನು ಅಂದರೆ ಎಲ್ಲದಕ್ಕೂ ಬೇಡ. ಬೇಸತ್ತು, ಅವಳು ಹೆಸರೇ ಕೇಳಿರದ ಕಡೆಗೆ ಕರೆದುಕೊಂಡು ಹೋದರೆ ಬೇಡ ಅನ್ನಲಿಕ್ಕೂ ಗೊತ್ತಾಗುವುದಿಲ್ಲ ಎಂದು ಆ ಮಹಡಿ ಹತ್ತಿಸಿದೆ.

ಅಕ್ಕ ಒಂದು ಚೂರು ಕಚ್ಚಿ ಕೈ ಕೆಳಗಿಳಿಸಿದಳು. ಚೀಸು ಬಾಯಿಂದ ಕೈಯವರೆಗೆ ನೂಲಿನಂತೆ ಎಳೆದುಕೊಂಡಿತು. ಕೈ ದೂರ ಒಯ್ದಳು, ಎಳೆ ಕಡಿಯಲಿಲ್ಲ. ಇನ್ನೂ ದೂರ ಒಯ್ದಳು. ಕಡೆಗೆ ಎರಡೂ ಕೈಯಲ್ಲಿ ಬಿಡಿಸಿಕೊಳ್ಳುತ್ತ, "ಏನೋ ತಮ್ಮಾ ಇದು, ಬಿಡಂಗೇ ಕಾಣವಲ್ದು!" ಎಂದು ನಕ್ಕಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಣಿಯುವಂತೆ ನಕ್ಕಳು. ಭಾವ ಹೋದಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಅಳು ಬಂತು, ಅತ್ತುಬಿಟ್ಟೆ. ಪಕ್ಕದ ಮೇಜಿನ ಕಾಲೇಜು ಹುಡುಗಿಯರು ನಮ್ಮಿಬ್ಬರನ್ನೂ ಕಂಡು ಗಾಬರಿಯಾದರು.

ಅಂದಿನಿಂದ ಶನಿವಾರ ಸಂಜೆಯ ಪಿಜ್ಜಾ ನಮಗೊಂದು ವ್ರತವಾಯಿತು. ಅಕ್ಕ ಬಸ್ಸಿಗೆ ಬರುತ್ತಾಳೆ, ಮಹಡಿ ಹತ್ತುತ್ತೇವೆ, ಬಾಲ್ಯದ ಜಗಳಗಳನ್ನೆಲ್ಲ ಮತ್ತೊಮ್ಮೆ ಆಡುತ್ತೇವೆ. ಆಮೇಲೆ ಮನೆಗೆ ಹೋಗಿ ಗಿರಿಜೆಯ ಕೈಯಲ್ಲಿ ಊಟ. ಮನೆಮಗಳನ್ನು ಉಣ್ಣಿಸದೆ ಕಳಿಸುವುದುಂಟೇ? ಎರಡು ರೊಟ್ಟಿ, ಎಣ್ಣೆಗಾಯಿ, ಅನ್ನ, ಅದರ ಮೇಲೆ "ಇಷ್ಟೇ ಇಷ್ಟು" ಎನ್ನುತ್ತ ಸುರಿಯುವ ತುಪ್ಪ. ಅಕ್ಕನಿಗೆ ಊಟ ಸೇರತೊಡಗಿತು. ಮೈ ಕೈ ತುಂಬಿಕೊಂಡಳು. ನಾನೂ ತುಂಬಿಕೊಂಡೆ, ಆದರೆ ಅದನ್ನು ಯಾರೂ ಸಂತೋಷದ ಸಂಗತಿ ಎಂದು ಪರಿಗಣಿಸಲಿಲ್ಲ.

ಮೊನ್ನೆ ಅಕ್ಕನಿಗೆ ತಲೆಸುತ್ತು ಬಂದು ಪರೀಕ್ಷೆ ಮಾಡಿಸಿದರೆ, ಸಕ್ಕರೆ ಏರಿ ಕೂತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಕ್ಕ ಮೆಲ್ಲಗೆ ಹೇಳಿದಳು, "ಶನಿವಾರದ್ದು ಇನ್ನು ಸಾಕು ಬಿಡಪ್ಪ. ನಾನು ಬರಾಕಾಗಲ್ಲ." ಪಿಜ್ಜಾ ಹಾಳಾಗಿ ಹೋಗಲಿ, ಆ ನಗು ಹೋದರೆ ನಾನು ಎಲ್ಲಿಂದ ತರಲಿ?

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸಮಾಧಾನಿ. ವಾರಕ್ಕೊಮ್ಮೆ ಪಿಜ್ಜಾ ಅಂದಾಗ ಅವರೇನೂ ಹೌಹಾರಲಿಲ್ಲ. "ಅವತ್ತು ರಾತ್ರಿ ಊಟ?" ಎಂದರು.

"ಅದು ಇದ್ದೇ ಇರ್ತದಲ್ರೀ," ಅಂದೆ ನಾನು. "ಪಿಜ್ಜಾ ತಿಂಡಿ ಅಲ್ವೇ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಅದೇ ಊಟ ಸಾರ್. ಚಿಕ್ಕದು ತಗೊಳ್ರಿ, ಹಂಚ್ಕೊಂಡು ತಿನ್ರಿ, ಜೊತೆಗೆ ಸೌತೆಕಾಯಿ, ಕಾಳು ಇರ್ಲಿ. ವಾರಕ್ಕೊಂದ್ಸಲ ಬ್ಯಾಡ ಅನ್ನಲ್ಲ, ಸಕ್ಕರೆ ನೋಡ್ಕೊಂಡು ಹೋಗೋಣ. ಆದ್ರೆ ಅದರ ಮೇಲೆ ಇನ್ನೊಂದು ಊಟ ಬ್ಯಾಡ." ಅಕ್ಕ ನನ್ನ ಮುಖ ನೋಡಿದಳು. ಅರವತ್ತರ ಹತ್ತಿರ ಬಂದಮೇಲೆ ಊಟ ಅಂದರೇನೆಂದು ಪಾಠ ಹೇಳಿಸಿಕೊಂಡೆವು.

ನಾನು ಗೆದ್ದವನಂತೆ ಮನೆಗೆ ಬಂದು ಗಿರಿಜೆಗೆ ಸುದ್ದಿ ಹೇಳಿದೆ. ಅವಳು ಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಹಂಗಾರೆ ಶನಿವಾರ ನಾನು ಒಲೆ ಹಚ್ಚಂಗಿಲ್ಲ ಅನ್ರಿ."

"ಒಳ್ಳೇದೇ ಆತಲ್ಲ, ನಿನಗೂ ಆರಾಮು."

"ನೀವಿಬ್ರೂ ಮ್ಯಾಲೆ ಕೂತು ನಕ್ಕು ಬರ್ತೀರಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕ ನನ್ನ ಜೊತಿಗೆ ಕೂರೋದು ಉಣ್ಣೋ ಹೊತ್ನಾಗೆ ಮಾತ್ರ. ಊಟ ಮುಗೀತು ಅಂದ್ರೆ ಬಸ್ಸಿಗೆ ಏಳ್ತಾರೆ. ಅದಕ್ಕೇ ನಾನು ಹಾಕ್ತಾನೇ ಇರ್ತೀನಿ."

ಇಷ್ಟು ಶನಿವಾರ ಅವಳು ಬಡಿಸಿದ ಆ ತುಪ್ಪ, ಆ ಇನ್ನೊಂದು ರೊಟ್ಟಿ, ಎಲ್ಲ ಅಕ್ಕನನ್ನು ಇನ್ನೊಂದು ಗಳಿಗೆ ಕೂರಿಸಿಕೊಳ್ಳುವುದಕ್ಕೆ. ಆಹಾರದ ಪುಸ್ತಕಗಳಲ್ಲಿ ಕೊಬ್ಬೆಷ್ಟು, ಹಿಟ್ಟೆಷ್ಟು ಅಂತೆಲ್ಲ ಬರೆದಿರುತ್ತಾರೆ. ಅದನ್ನು ಬಡಿಸಿದವರಿಗೆ ಏನು ಬೇಕಾಗಿತ್ತು ಎಂದು ಯಾರೂ ಬರೆಯುವುದಿಲ್ಲ.

ಮರುಶನಿವಾರ ಬಸ್ಸಿಳಿದ ಅಕ್ಕನನ್ನು ಮಹಡಿ ಹತ್ತಿಸದೆ, ಚಿಕ್ಕದೊಂದು ಪಿಜ್ಜಾ ಕಟ್ಟಿಸಿಕೊಂಡು ಸೀದಾ ಮನೆಗೆ ಕರೆತಂದೆ. ಗಿರಿಜೆ ಹೆಸರುಬೇಳೆ ಕೋಸಂಬರಿ ಮಾಡಿಟ್ಟಿದ್ದಳು, ಜೊತೆಗೆ ಮಜ್ಜಿಗೆ. ಮೂರು ತಟ್ಟೆ ಇಟ್ಟು, ರೂಢಿಯಂತೆ ಅಂಚಿಗೆ ಚಿಟಿಕೆ ಉಪ್ಪು ಬಡಿಸಿದಳು. ಪಿಜ್ಜಾಕ್ಕೆ ಉಪ್ಪೇಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ತಲೆಗೆರಡು ಚೂರು. ಚೀಸು ಈ ಸಲ ಗಿರಿಜೆಯ ಗಲ್ಲಕ್ಕೆ ಅಂಟಿತು, ಅಕ್ಕ ಬಿದ್ದು ಬಿದ್ದು ನಕ್ಕಳು.

ಬಡಿಸಲು ಇನ್ನೇನೂ ಇರಲಿಲ್ಲವಾದ್ದರಿಂದ ಊಟ ಬೇಗ ಮುಗಿಯಿತು. ಗಿರಿಜೆ ಖಾಲಿ ಪಾತ್ರೆಯನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ ಏಳಲು ಹೊರಟಳು. ಅಕ್ಕ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. "ಎಲ್ಲಿಗೇಳ್ತೀ ಕೂತ್ಕ. ಬಸ್ಸು ಇನ್ನೊಂದು ಬರ್ತತೆ. ನಿಮ್ಮಮ್ಮಗೆ ಮಂಡಿನೋವು ಹೆಂಗೈತೆ, ಅದನ್ನ ಹೇಳು."

ಉಂಡ ಕೈ ಒಣಗಿಸಿಕೊಂಡು ಕೂರಬಾರದು ಅನ್ನುತ್ತಾರೆ ಹಿರಿಯರು. ಆ ಸಂಜೆ ಇಬ್ಬರ ಕೈಯೂ ಚೆನ್ನಾಗಿ ಒಣಗಿತು. ತಟ್ಟೆಗಳನ್ನು ನಾನು ತೊಳೆದೆ.