ಕೊಟ್ಟಿಗೆಯಲ್ಲಿ ತಾತನ ಎಡೆ

ಇವತ್ತು ಮಹಾಲಯ ಅಮಾವಾಸ್ಯೆ. ಕಡಲೆಕಾಯಿ ಎಣ್ಣೆಯಲ್ಲಿ ವಡೆ ಬೇಯುವ ವಾಸನೆಗೆ ಹುಲಿಕುಂಟೆ ಕಡೆಯ ನಮ್ಮ ಹಳೇ ಕೊಟ್ಟಿಗೆ ನೆನಪಾಯಿತು.

ತೀರಿಕೊಂಡ ಹಿರಿಯರಿಗೆಲ್ಲ ನಡುಮನೆಯಲ್ಲಿ ಎಡೆ ಇಡುತ್ತಿದ್ದರು. ತಾತನ ಎಲೆ ಮಾತ್ರ ಕೊಟ್ಟಿಗೆಯಲ್ಲಿ. ಕೊಲೆ ಕೇಸಿನಲ್ಲಿ ಅವನಿಗೆ ಗಲ್ಲಾಗಿತ್ತು.

"ನೇಣಿಗೋದೋನು ಹಿರೀಕರ ಜತೆ ಕೂರಂಗಿಲ್ಲ" ಎಂದು ತಾತನ ಸ್ವಂತ ಅಣ್ಣ, ನಮ್ಮ ದೊಡ್ಡತಾತ, ಕಡ್ಡಿ ಮುರಿದಂತೆ ಹೇಳಿದ್ದ. ಅಜ್ಜಿ ಕೊಟ್ಟಿಗೆಯ ನೆಲ ಸಾರಿಸಿ, ಎಲೆ ಹಾಕಿ, ತಾತ ಸೇದುತ್ತಿದ್ದ ಬೀಡಿಯ ಕಟ್ಟನ್ನೂ ಇಟ್ಟು, ಹಸು ಬಾಯಿ ಹಾಕದಂತೆ ಕಾಯುತ್ತ ಕೂರುತ್ತಿದ್ದಳು.

ಒಂದು ವರ್ಷ ಪಕ್ಕದೂರಿನ ಮುದುಕನೊಬ್ಬ, ಆ ಕೊಲೆ ಮಾಡಿದವನು ತಾನೆಂದು ಒಪ್ಪಿಕೊಂಡು ಸತ್ತ. ಆ ಅಮಾವಾಸ್ಯೆಗೆ ದೊಡ್ಡತಾತ ಕೊಟ್ಟಿಗೆ ಬಾಗಿಲಿಗೆ ಬಂದ. "ಎಲೆ ಒಳಕ್ಕೆ ತಕಂಬಾ ಕಣಮ್ಮ. ತಪ್ಪಾಗೋಯ್ತು."

ಅಜ್ಜಿ ತಲೆಯೆತ್ತಲಿಲ್ಲ. "ಉಸ್ರಿದ್ದಾಗ ಒಂದಿನಾನೂ ಜೈಲಿಗೋಗಿ ಅವ್ರ ಮಕ ನೋಡ್ಲಿಲ್ಲ ನೀವು. ಇಲ್ಲೇ ಇರ್ಲಿ ಬುಡಿ ಭಾವ."

ಈಗ ಅಜ್ಜಿಯಿಲ್ಲ, ಕೊಟ್ಟಿಗೆಯೂ ಇಲ್ಲ. ಮಧುಗಿರಿಯ ಈ ಮನೆಯೊಳಗೆ ಅಜ್ಜಿಗೆ, ದೊಡ್ಡತಾತನಿಗೆ ಎಡೆ ಇಟ್ಟಾಗಿದೆ. ತಾತನ ಎಲೆಯನ್ನು ಹೊರಗೆ ಬೈಕಿನ ಪಕ್ಕ ಹಾಕಿ, ಬೆಕ್ಕು ಬಾಯಿ ಹಾಕದಂತೆ ನಾನು ಕಾಯುತ್ತ ಕೂತಿದ್ದೇನೆ.