ಹಣ ತೆಗೆದದ್ದಕ್ಕೆ ಕಾರಣ

ಸುಳ್ಳು ಹೇಳುವುದರಲ್ಲಿ ನಾನು ತೀರಾ ಹಿಂದೆ. ಮೂವತ್ತು ವರ್ಷ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆದವನು. ಗೆರೆ ಕೂದಲೆಳೆಯಷ್ಟು ವಾಲಿದರೂ ಮೈ ಬೆವರುತ್ತಿತ್ತು. ಅಂಥವನು ಮೊನ್ನೆ ಹೊಸಮನೆ ಬಡಾವಣೆಯ ನಮ್ಮ ಮನೆಯ ವರಾಂಡದಲ್ಲಿ, ಹೆಂಡತಿ ಸರೋಜ ಪಕ್ಕದಲ್ಲೇ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿರುವಾಗ, ಸರ್ವೆಗೆ ಬಂದ ಹೆಣ್ಣುಮಗಳಿಗೆ ಒಂದು ಸುಳ್ಳು ಹೇಳಿಬಿಟ್ಟೆ.

ನಿವೃತ್ತರು ತಮ್ಮ ಇಡುಗಂಟಿನಿಂದ ಯಾವಾಗ, ಯಾತಕ್ಕಾಗಿ ಹಣ ತೆಗೆಯುತ್ತಾರೆ ಎಂಬುದು ಆಕೆಯ ಸರ್ವೆಯ ವಿಷಯ. ಹೋದ ಮನೆಗಳಲ್ಲೆಲ್ಲ ಬಹಳ ಮಂದಿ ಅದನ್ನು ಮುಟ್ಟೇ ಇಲ್ಲವಂತೆ. ಕಷ್ಟಕಾಲಕ್ಕೆ ಇರಲಿ ಅನ್ನುತ್ತಾರಂತೆ. ನನಗೆ ನಗು ಬಂತು. ಹೊಸ ಅಳಿಯ ಬರುತ್ತಾನೆಂದರೂ ನಾವು ಇಷ್ಟು ತಯಾರಿ ಮಾಡುವುದಿಲ್ಲ. ಕಷ್ಟಕಾಲ ಬಂದರೆ ಮಾತ್ರ ಅದಕ್ಕೆ ಯಾವ ಕೊರತೆಯೂ ಆಗಬಾರದು. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡುವುದು ಕ್ಷೇಮ ಎಂದು ಶಾಸ್ತ್ರ ಬಲ್ಲವರು ಅರ್ಥ ಹೇಳುತ್ತಾರೆ. ಕಾಪಾಡಿದ್ದನ್ನು ಖರ್ಚು ಮಾಡುವುದಕ್ಕೆ ಅವರೂ ಒಂದು ಹೆಸರಿಟ್ಟಂತೆ ಕಾಣೆ.

ಈ ವರ್ಷ ಏನಾದರೂ ತೆಗೆದಿದ್ದೀರಾ ಎಂದು ಆಕೆ ಕೇಳಿದಳು. ಹೌದು, ಒಂದು ಸಲ, ಎಂದೆ. ಕಾರಣ? ಹಲ್ಲಿನ ಚಿಕಿತ್ಸೆ, ಎಂದೆ.

ಸರೋಜಳ ಕೈ ನಿಂತಿತು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು.

"ಯಾವ ಹಲ್ಲುರೀ?" ಎಂದು ಮೆಲ್ಲಗೆ ಕೇಳಿದಳು.

ನನ್ನ ಮೂವತ್ತೆರಡೂ ಗಟ್ಟಿಯಾಗಿವೆ; ಅದು ನಮ್ಮ ಬೀದಿಗೇ ಗೊತ್ತು. ಬೇರೆ ದಾರಿ ಕಾಣದೆ ನಿಜ ಒಪ್ಪಿಕೊಂಡೆ.

ನನ್ನ ಜೊತೆ ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಬಷೀರ್ ಈಗಲೂ ಭದ್ರಾವತಿಯಲ್ಲೇ ಇದ್ದಾನೆ. ಸೋಗಾನೆಯ ನಿಲ್ದಾಣದಿಂದ ವಿಮಾನ ಏಳುವುದನ್ನು ನೋಡಿದಾಗಲೆಲ್ಲ ಅವನು, "ಮಾರಾಯ, ಆಯುಷ್ಯವೆಲ್ಲ ಕಬ್ಬಿಣ ಮೇಲೆತ್ತಿದೆ, ನಾನೊಮ್ಮೆ ಏಳಬೇಡ್ವಾ?" ಅನ್ನುತ್ತಿದ್ದ. ಅವನಿಗೂ ಅರವತ್ತೆಂಟು, ನನಗೂ ಅರವತ್ತೆಂಟು. ಒಂದು ದಿನ ಇಬ್ಬರೂ ಟಿಕೆಟ್ ತೆಗೆಸಿ ಬೆಂಗಳೂರಿಗೆ ಹಾರಿದೆವು. ಇಳಿದು, ಅಲ್ಲಿಯೇ ಒಂದೊಂದು ಕಾಫಿ ಕುಡಿದು, ಊರೊಳಗೆ ಹೋಗಿ ರೈಲು ಹತ್ತಿ ವಾಪಸು ಬಂದೆವು. ಬೆಂಗಳೂರಿನಲ್ಲಿ ನಮಗೆ ಯಾವ ಕೆಲಸವೂ ಇರಲಿಲ್ಲ. ಸರೋಜಳಿಗೆ ಮಾತ್ರ, ಭದ್ರಾವತಿಯಲ್ಲಿ ಹಳೆಯ ನೌಕರರ ಊಟವಿದೆ ಎಂದು ಹೇಳಿ ಹೋಗಿದ್ದೆ.

ಎಲ್ಲ ಕೇಳಿ ಸರೋಜ ಸರ್ವೆಯವಳ ಕಡೆ ತಿರುಗಿದಳು. "ಹಲ್ಲು ಅಳಿಸಿ ಮೋಜು ಅಂತ ಹಾಕಮ್ಮ."

ಆಕೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಹುಡುಕಿದಳು. "ಮೋಜು ಅಂತ ಇಲ್ಲ ಮೇಡಂ. ಔಷಧಿ, ಮನೆ ರಿಪೇರಿ, ಮದುವೆ, ಇಷ್ಟೇ ಇರೋದು. 'ಇತರೆ' ಅಂತ ಹಾಕ್ಲಾ?"

ಹೀಗೆ ನಾನು 'ಇತರೆ' ಆದೆ. ಆಕೆ ಹೋದ ಮೇಲೆ ಸರೋಜ ಬಾಯಿ ಬಿಡಲಿಲ್ಲ. ಮರುದಿನವೂ ಇಲ್ಲ. ಹಣ ಪೋಲು ಮಾಡಿದ್ದಕ್ಕೆ ಸಿಟ್ಟು ಎಂದುಕೊಂಡು, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಲು ಹೋದೆ.

"ದುಡ್ಡು ಹಾಳಾಗ್ಲಿ," ಎಂದಳು. "ನಾನೂ ವಿಮಾನ ಹತ್ತಿಲ್ಲ. ನಿಮ್ಮ ತಲೆಗೆ ಅದು ಹೊಳೀಲೇ ಇಲ್ವಲ್ಲ."

ನಿಜವಾಗಿ ಹೊಳೆದಿರಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ನನಗಿಂತ ಕಡಿಮೆ ಆಸೆಯವಳು ಎಂದು ಅವಳನ್ನು ನಾನೇ ತೀರ್ಮಾನಿಸಿ ಕೂತಿದ್ದೆ. ಕೇಳುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ ನೆನಪಿಲ್ಲ. ವಿಮಾನದಲ್ಲಿ ಕಿಟಕಿಗೆ ಮುಖ ಒತ್ತಿ, ಅದೋ ನಮ್ಮನೆ, ಅದೋ ನಮ್ಮನೆ ಎಂದು ಬಷೀರನಿಗೆ ತೋರಿಸಿದವನು ನಾನು. ಮನೆಯಲ್ಲಿದ್ದವಳ ಯೋಚನೆ ಬಂದಿರಲಿಲ್ಲ. ಅಷ್ಟನ್ನೂ ಹೇಳಿ ತಪ್ಪಾಯಿತು ಎಂದೆ. ಅವಳು ಕ್ಷಮಿಸಿದೆ ಅನ್ನಲಿಲ್ಲ. ಒಳಗೆ ಹೋಗಿ ತನ್ನ ಪಾಸ್‌ಬುಕ್ ತಂದಳು. ಅದನ್ನು ಅವಳೂ ಕಷ್ಟಕಾಲಕ್ಕೆಂದೇ ಇಟ್ಟಿದ್ದಳು. ಅವಳ ಲೆಕ್ಕದಲ್ಲಿ ಕಷ್ಟಕಾಲ ಎಂದರೆ ಮುಂದೆ ನನಗೆ ಬರಬಹುದಾದ ಕಾಯಿಲೆ ಎಂದು ಆಗ ಗೊತ್ತಾಯಿತು.

ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋದೆವು. ಚೀಟಿ ತುಂಬಿ ಕೊಡುತ್ತಲೇ, ಯಾರೂ ಕೇಳದಿದ್ದರೂ ಸರೋಜ ವಿವರಣೆ ಶುರುಮಾಡಿದಳು. ಅನಿವಾರ್ಯವಾಗಿ ಒಂದು ಪ್ರಯಾಣ ಬಂದಿದೆ, ಇಲ್ಲದಿದ್ದರೆ ಇದನ್ನು ಮುಟ್ಟುವವರಲ್ಲ, ಎಂದಳು. ನಾನೂ ಗಂಭೀರವಾಗಿ ತಲೆಯಾಡಿಸಿದೆ.

ಕೌಂಟರಿನವನು ಚೀಟಿಯನ್ನು ತಿರುಗಿಸಿ ನೋಡಿದ. "ಕಾರಣ ಬೇಡಮ್ಮ," ಎಂದ, "ಹಿಂದುಗಡೆ ಒಂದು ಸಹಿ ಸಾಕು."