ಜಾಲಿ ಮುಳ್ಳಿನಲ್ಲಿ ಕೇಳಿದ ದನಿ

ಇಕ್ಕಳದಂಥ ಒಂದು ಪುಟ್ಟ ಸಾಧನ. ಬಾಯಲ್ಲಿ ಓರೆಯಾದ ಸಣ್ಣ ಅಲಗು, ಹಿಡಿಯ ಹೊಳಪೆಲ್ಲ ಹೋಗಿತ್ತು. ಹೋದ ವಾರ ಬಸವನ ಬಾಗೇವಾಡಿಯಲ್ಲಿ ನನ್ನ ತಂಗಿಯ ಮಗಳು ಎಲ್ಲಿಂದಲೋ ಕೊಂಡುತಂದ ಹಳೆಯ ಗ್ರಾಮಫೋನಿನ ಬಿಡಿಭಾಗಗಳನ್ನು ಡೈನಿಂಗ್ ಟೇಬಲ್ ಮೇಲೆ ಹರವಿಕೊಂಡು ಕೂತಿದ್ದಳು. ಅವಳಿಗೆ ಈಗ ಆಂಟೀಕ್ಸ್ ಹುಚ್ಚು. ಹಾರ್ನ್, ಸ್ಪ್ರಿಂಗ್, ಕೀಲಿ ಕೊಡುವ ಹ್ಯಾಂಡಲ್ ಎಲ್ಲ ಗುರುತಾಗಿದ್ದವು. ಇದೊಂದು ಮಾತ್ರ ಏನೆಂದು ಯಾರಿಗೂ ತಿಳಿದಿರಲಿಲ್ಲ.

"ಸಣ್ಣ ಅಡಕೊತ್ತ ಇರಬೇಕ್ ಬಿಡ," ಎಂದಳು ತಂಗಿ.

"ಅಲ್ರೀ ಅತ್ತಿ, ಹಲ್ಲ ಕೀಳೂದು. ಬರ್ರಿ, ನಿಮ್ಮ ಮ್ಯಾಲ ಟ್ರೈ ಮಾಡೂಣು," ಎಂದ ಅವಳ ಅಳಿಯ.

"ಇರೂವೇ ನಾಕ ಹಲ್ಲು, ಅವಕ್ಕೂ ಕಣ್ಣ ಹಾಕೀಯೇನಪಾ?"

ಎಲ್ಲರೂ ನಕ್ಕರು. ನಾನು ಅದನ್ನು ಕೈಗೆತ್ತಿಕೊಂಡೆ. "ಇದು ನೀಡಲ್ ಕಟರ್. ಮುಳ್ಳಿನ ಮೊನಿ ಕತ್ತರಸೂದು," ಎಂದೆ.

"ಗ್ರಾಮಫೋನಿಗೆ ಮುಳ್ಳೇನ ದೊಡ್ಡವ್ವಾ?" ಎಂದಳು ಹುಡುಗಿ. ಹೇಳಹೊರಟೆ... ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಹೇಳಬೇಕಾದ್ದು ನನ್ನಲ್ಲೇ ಉಳಿಯಿತು.

ನಾನು ಚಿಕ್ಕವಳಿದ್ದಾಗ ಇಂಡಿ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಕಾಕೂ, ಅಂದರೆ ಚಿಕ್ಕಮ್ಮ, ಇದ್ದರು. ರಕ್ತಸಂಬಂಧವೇನೂ ಅಲ್ಲ, ಓಣಿಯ ಮಕ್ಕಳಿಗೆಲ್ಲ ಅವರು ಕಾಕೂನೇ. ಕಾನ್ವೆಂಟ್ ಹಾಸ್ಟೆಲಿನಿಂದ ಹಾಲಿಡೇಸಿಗೆ ಬಂದರೆ ಊರಿನ ಹುಡುಗಿಯರು ನನ್ನ ಇಂಗ್ಲಿಷಿಗೆ ನಗುತ್ತಿದ್ದರು. ಹಾಸ್ಟೆಲಿನಲ್ಲಿ ನನ್ನ ಕನ್ನಡಕ್ಕೆ. ಕಾಕೂನ ಪಡಸಾಲೆಯಲ್ಲಿ ಮಾತಾಡದೆಯೂ ಕೂರಬಹುದಿತ್ತು.

ಅವರ ಗಂಡ ಸೊಲ್ಲಾಪುರದಿಂದ ಗ್ರಾಮಫೋನ್ ತಂದಿದ್ದರಂತೆ. ಜೊತೆಗೊಂದು ಅಪರೂಪದ ಅಟ್ಯಾಚ್‌ಮೆಂಟ್. ಹಾರ್ನಿನೊಳಗೆ ಮಾತಾಡಿದರೆ ಅದು ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆದು ದನಿಯನ್ನು ಹಿಡಿದಿಡುತ್ತಿತ್ತು. ಒಂದೇ ಒಂದು ತಟ್ಟೆಯಲ್ಲಿ ಮಾತಾಡಿದರು. ಆಮೇಲೆ ಅವರು ಹೆಚ್ಚು ಕಾಲ ಉಳಿಯಲಿಲ್ಲ. ಮಗ ಆಗಿನ್ನೂ ತೊಟ್ಟಿಲಲ್ಲಿದ್ದ. ಕಾಕೂನ ಪಾಲಿಗೆ ಆ ದನಿಯೊಂದೇ. ಒಂದು ಫೋಟೋ ಕೂಡ ಇರಲಿಲ್ಲ.

ಬಹಳ ಡೆಲಿಕೇಟ್ ಆದ ತಟ್ಟೆ ಅದು. ಉಕ್ಕಿನ ಸೂಜಿ ಇಟ್ಟರೆ ಕೆರೆದುಹೋಗುತ್ತಿತ್ತು, ಬಿದಿರಿನ ಸೂಜಿಯೇ ಬೇಕು. ಅದರ ಮೊನೆ ಸವೆದಾಗ ಕತ್ತರಿಸಲಿಕ್ಕೆ ಇಂಥದೇ ಒಂದು ಕಟರ್. ಬಿದಿರಿನ ಸೂಜಿಗಳು ತೀರಿದ ಮೇಲೆ ಕಾಕೂ ಹಳ್ಳದ ದಂಡೆಯ ಜಾಲಿಗೆ ಹೋದರು. ನೆಟ್ಟಗಿನ, ಬಲಿತ, ಬಿಳಿಯ ಮುಳ್ಳುಗಳನ್ನೇ ಆರಿಸಿ ತಂದು, ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಒಣಹಾಕುತ್ತಿದ್ದರು.

ಅಮಾವಾಸ್ಯೆಯ ಮಧ್ಯಾಹ್ನ ಮಾತ್ರ ತಟ್ಟೆ ಗೋಡೆಯ ಮಾಡದೊಳಗಿನ ಬಟ್ಟೆಯ ಗಂಟಿನಿಂದ ಹೊರಗೆ ಬರುತ್ತಿತ್ತು. ಮೊದಲು ಕರಕರ ಸದ್ದು. ಆಮೇಲೆ ಒಬ್ಬ ಗಂಡಸಿನ ದನಿ, ಸ್ವಲ್ಪ ಶೈ... "ಏನ್ ಮಾತಾಡ್ಲಿ ಈಗ? ಮಾತಾಡು ಅಂದ್ರ ಒಂದೂ ಬರೂದಿಲ್ಲ ನೋಡ... ಏ, ಕೇಳ ಇಲ್ಲೆ, ಚಾ ಮಾಡ್ತೀಯೇನ?"

ಅಷ್ಟೇ.

"ಮಾಡ್ತೇನ್ರಿ," ಎನ್ನುತ್ತಿದ್ದರು ಕಾಕೂ. ಎದ್ದು ನಿಜವಾಗಿಯೂ ಚಹಾಕ್ಕೆ ಇಡುತ್ತಿದ್ದರು.

ಮಗನಿಗೆ ಮುದ್ದೇಬಿಹಾಳದ ಹೆಣ್ಣು ತಂದ ವರ್ಷ. ಮಹಾನವಮಿಗೆ ಮುಂಚೆ ನಮ್ಮ ಕಡೆ ಮನೆಯಲ್ಲಿ ತೊಳೆಯದ ಸಾಮಾನು ಒಂದೂ ಉಳಿಯಬಾರದು. ನಾನೂ ಕಾಕೂ ಸಂತೆ ಮುಗಿಸಿ ಬಂದಾಗ ಪಾತ್ರೆ-ಭಾಂಡೆಗಳೆಲ್ಲ ಅಂಗಳಕ್ಕೆ ಇಳಿದಿದ್ದವು. ಹೊಸ ಸೊಸೆ ಹುರುಪಿನಲ್ಲಿ ಗೋಡೆಯ ಮಾಡದೊಳಗಿನ ಬಟ್ಟೆಯ ಗಂಟನ್ನೂ ಬಿಚ್ಚಿದ್ದಳು.

"ನೋಡ್ರಿ ಅತ್ತಿ, ಈ ಮುಚ್ಚಳ ಎಷ್ಟ ಹೊಲಸಾಗಿತ್ತು! ಮೈತುಂಬ ಗೆರಿ. ಇಟ್ಟಂಗಿ ಪುಡಿ ಹಾಕಿ ತಿಕ್ಕೇನಿ. ಹಬಿ ಹೋಗಾಕ ನಡುವ ತೂತ ಬ್ಯಾರೆ ಐತಿ, ಕಡಬಿಗೆ ಛಲೋ ಆಗ್ತೈತಿ."

ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕಾಕೂ ಅದನ್ನು ಬಿಸಿಲಿಗೆ ಓರೆ ಹಿಡಿದು ನೋಡಿದರು. ತಿರುಗಿಸಿ ಮತ್ತೊಮ್ಮೆ ನೋಡಿದರು. ಆ ಹುಡುಗಿಯ ಮುಂಗೈ ತುಂಬ ಮದುವೆಯ ಹಸಿರು ಬಳೆ, ಬೆರಳಿಗೆಲ್ಲ ಕೆಂಪು ಪುಡಿ, ಮುಖದಲ್ಲಿ ಶಹಬ್ಬಾಸ್‌ಗಿರಿಗೆ ಕಾದ ನಗು...

"ಛಲೋ ತಿಕ್ಕೀದಿ ಬಿಡವಾ," ಎಂದರು ಕಾಕೂ. "ಕೈ ತೊಳ್ಕೋ, ಉಣ್ಣಾಕ ನಡಿ."

ಮಗ ಮುಂದೊಮ್ಮೆ ತಟ್ಟೆಯ ಬಗ್ಗೆ ಕೇಳಿದಾಗ, "ಸವದು ಹೋತಪಾ, ಎಷ್ಟಂತ ಬಾಳಿಕಿ ಬರ್ತೈತಿ," ಎಂದರಂತೆ. ಸೊಸೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಆ ಹಾಲಿಡೇಸಿನಲ್ಲೇ ಬಂದ ಅಮಾವಾಸ್ಯೆಗೆ ಕಾಕೂ ತಟ್ಟೆಯಿಟ್ಟರು. ಹೊಸ ಮುಳ್ಳು ಹಾಕಿ ಕೀಲಿ ಕೊಟ್ಟರು. ಮರಳು ಸುರಿದಂಥ ಸದ್ದು, ಬೇರೇನೂ ಇಲ್ಲ. ಸರಿಯಾಗಿ ಚಹಾ ಕೇಳುವ ಆ ಜಾಗಕ್ಕೆ ಬಂದಾಗ ಕಾಕೂ, "ಮಾಡ್ತೇನ್ರಿ," ಎಂದು ಎದ್ದು ಒಳಗೆ ಹೋದರು.

ಅವತ್ತಿನ ಚಹಾಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಇಬ್ಬರೂ ಹಾಗೇ ಕುಡಿದೆವು.

ಕಾಕೂ ಹೋಗಿ ಬಹಳ ಕಾಲವಾಯಿತು. ಅವರ ಮಗನೂ ಈಗಿಲ್ಲ. ಆ ದನಿಯನ್ನು ಕೇಳಿದವರಲ್ಲಿ ಉಳಿದಿರುವುದು ಬಹುಶಃ ನಾನೊಬ್ಬಳೇ. ಬಾಗೇವಾಡಿಯಿಂದ ಸಿಂದಗಿಯ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಅದನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಮಾತುಗಳೆಲ್ಲ ಬಂದವು, ಒಂದೂ ತಪ್ಪದೆ. ಆದರೆ ದಪ್ಪ ದನಿಯೋ, ತೆಳುವೋ... ಆನೆಸ್ಟ್ಲಿ, ನೆನಪಾಗಲಿಲ್ಲ. ಎಷ್ಟು ಸಲ ಪ್ರಯತ್ನಿಸಿದರೂ ಆ ಮಾತುಗಳು ನನ್ನ ಕಿವಿಗೆ ಕಾಕೂನ ದನಿಯಲ್ಲೇ ಬರುತ್ತಿದ್ದವು. ಹೇಗಿತ್ತೆಂದು ಕೇಳೋಣವೆಂದರೆ, ಕೇಳಲಿಕ್ಕೆ ಯಾರೂ ಇಲ್ಲ.